ನಮ್ಮ ಬಾಲಿಕೆಯರ ಅಡ್ಡಹೆಸರುಗಳು

ನಮ್ಮ ದಾಖಲಾತಿ ರಿಜಿಸ್ಟರಿನಲ್ಲಿ ಬಾಲಿಕೆಯರ ಹೆಸರುಗಳು ಎರಡು ಬಗೆಯಾಗಿ ಕಾಣಬರುತ್ತವೆ. ಅರೇಹಳ್ಳಿಯ ಸುತ್ತಣ ಒಕ್ಕಲು ಮನೆಗಳ ಮಕ್ಕಳಿಗೆ ಹೆಸರಿನೊಡನೆ ಒಂದೆರಡು ಅಕ್ಷರಗಳು ಮಾತ್ರ. ಕಾಫಿ ತೋಟಗಳ ನಿಮಿತ್ತ ಘಟ್ಟವನ್ನೇರಿ ಬಂದ ಕರಾವಳಿಯ ಕ್ರೈಸ್ತ ಕುಟುಂಬಗಳ ಮಕ್ಕಳಿಗಾದರೋ ಲೋಬೊ, ಪಿಂಟೊ, ರೊಡ್ರಿಗಸ್ ಎಂಬ ಅಡ್ಡಹೆಸರುಗಳುಂಟು. ಇವುಗಳ ಅರ್ಥವನ್ನು ಕೇಳಿದರೆ ಉತ್ತರ ಕೊಡುವವರು ವಿರಳ.

ಪೋರ್ಚುಗೀಸ್ ಭಾಷೆಯಲ್ಲಿ ಲೋಬೊ ಎಂದರೆ ತೋಳ. ಪಿಂಟೊ ಎಂದರೆ ಕೋಳಿಮರಿ. ರೊಡ್ರಿಗಸ್ ಎಂದರೆ ರೊಡ್ರಿಗೊ ಎಂಬವನ ಮಗ. (ತೋಳವೂ ಕೋಳಿಮರಿಯೂ ಒಂದೇ ಬೆಂಚಿನಲ್ಲಿ ಸಮಾಧಾನವಾಗಿ ಕುಳಿತು ಪಾಠ ಕೇಳುವುದು ನಮ್ಮಲ್ಲಿ ಹೊಸತೇನಲ್ಲ.) 16ನೆಯ ಶತಮಾನದಿಂದೀಚೆಗೆ ಗೋವೆಯಲ್ಲಿ ದೀಕ್ಷಾಸ್ನಾನ ಹೊಂದಿದವರಿಗೆ ಇಂತಹ ಹೆಸರುಗಳು ಬಂದವು, ಅವರ ಸಂತತಿಯವರು ಅವನ್ನು ಕೆನರಾ ಸೀಮೆಗೆ ತಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಹಳೆಯ ಹೆಸರುಗಳು ಉಳಿದದ್ದೂ ಉಂಟು. 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾಯರು ಹರ್ಮನ್ ಎಂಬ ಹೊಸ ಹೆಸರನ್ನು ಧರಿಸಿದಾಗ್ಯೂ ಕೌಂಡಿನ್ಯ ಎಂಬ ಗೋತ್ರನಾಮವನ್ನು ಬಿಡಲಿಲ್ಲ. ನಮಗೆ ಈ ಮಾದರಿಯೇ ಮೆಚ್ಚು.

ಕಸಬಿನ ಹೆಸರೆಂದು ನಾಚುವವರನ್ನೂ ಕಂಡಿದ್ದೇವೆ. ದೂರದ ಅರ್ಮೇನಿಯಾದಲ್ಲಿ ದರ್ಬಿನ್ ಎಂದರೆ ಕಮ್ಮಾರ. ಅದಕ್ಕೆ 'ಯಾನ್' ಸೇರಿದರೆ ದರ್ಬಿನ್ಯಾನ್, ಅಂದರೆ ಕಮ್ಮಾರನ ಮನೆಯವರು. ನಮ್ಮ ಉತ್ತರ ಸೀಮೆಯ ಕಂಬಾರ ಎಂಬುದೂ ಅದೇ. ಆ ಹೆಸರಿನ ಚಂದ್ರಶೇಖರ ಕಂಬಾರರಿಗೆ 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು.

ಇನ್ನು ಅಕ್ಷರಗಳ ವಿಷಯ. ಕೆ.ವಿ. ಪುಟ್ಟಪ್ಪ ಎಂಬಲ್ಲಿ ಕುಪ್ಪಳಿ ಎಂಬ ಊರೂ ವೆಂಕಟಪ್ಪ ಎಂಬ ತಂದೆಯೂ ಅಡಗಿದ್ದಾರೆ. ಬಾಲಿಕೆಯರಿಗೆ ಬಹುಮಟ್ಟಿಗೆ ತಂದೆಯ ಅಕ್ಷರವೊಂದೇ. ವಿವಾಹವಾದೊಡನೆ ಅದನ್ನೂ ಅಳಿಸಿ ಗಂಡನ ಅಕ್ಷರವನ್ನಿಡುತ್ತಾರೆ. ಹೀಗೆ ಮಾಡಬೇಕೆಂದು ಯಾವ ಕಾನೂನೂ ವಿಧಿಸಿಲ್ಲ. ಎಸ್.ಎಸ್.ಎಲ್.ಸಿ. ಪ್ರಮಾಣಪತ್ರದಲ್ಲಿ ಒಂದು ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು, ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅಡ್ಡಹೆಸರಿನ ಸ್ಥಳ ಬರಿದು: ಆಗ ಇವೆಲ್ಲ ಒಬ್ಬಳೇ ಎಂದು ರುಜುವಾತುಪಡಿಸಲು ನಮ್ಮ ಹಳೆಯ ವಿದ್ಯಾರ್ಥಿನಿಯರು ಅಫಿಡವಿಟ್ಟು ಹಿಡಿದು ಅಲೆಯುತ್ತಾರೆ. ಹತ್ತು ವರ್ಷ ಓದಿ ಸಂಪಾದಿಸಿದ ಹೆಸರನ್ನು ಒಂದು ಲಗ್ನಪತ್ರಿಕೆಯು ಅಳಿಸಬಾರದೆಂಬುದು ನಮ್ಮ ಅಭಿಪ್ರಾಯ.

ಆದಕಾರಣ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಗಳು ಬರಿಯ ಅಕ್ಷರವನ್ನು ಹೇಳದೆ, ಮನೆಯ ಹಿರಿಯರನ್ನು ವಿಚಾರಿಸಿ, ಊರಿನ ಅಥವಾ ಮನೆತನದ ಹೆಸರನ್ನು ಪೂರ್ಣವಾಗಿ ಬರೆಯಿಸಬೇಕೆಂದು ಕೋರುತ್ತೇವೆ. ತಾಯಿಯ ತವರುಮನೆಯ ಹೆಸರನ್ನೂ ಮಗುವಿಗೆ ಕಲಿಸಿಕೊಟ್ಟರೆ ಇನ್ನೂ ಸಂತೋಷ. ಅದಕ್ಕೆ ನಮೂನೆಯಲ್ಲಿ ಸ್ಥಳವಿಲ್ಲದಿದ್ದರೆ ಅಂಚಿನಲ್ಲಿ ನಾವೇ ಬರೆದುಕೊಳ್ಳುವೆವು.