ಕಪ್ಪಿನ ಮೇಲೆ ಹೊರಿಸಿದ ಪಾಪ

ಮದ್ದೂರು ತಾಲ್ಲೂಕಿನ ಕೊಪ್ಪದ ಸೀಮೆಯಲ್ಲಿ ಊರಹಬ್ಬಕ್ಕೆ ಸೋಮನ ಕುಣಿತ ಬರುವಾಗ ಮೊದಲು ಕಿವಿಗೆ ಬೀಳುವುದು ಅರೆವಾದ್ಯದ ಸದ್ದು. ಆಮೇಲೆ ಜನರ ತಲೆಗಳ ಮೇಲೆ ಮುಖ ಏಳುತ್ತದೆ: ಮರದಲ್ಲಿ ಕೆತ್ತಿದ ಭಾರಿ ಮುಖ, ಕೆಕ್ಕರಿಸಿದ ಕಣ್ಣು, ಹುರಿಮೀಸೆ. ಕೆಂಪು ಬಳಿದರೆ ಕೆಂಚಸೋಮ, ಕಪ್ಪು ಬಳಿದರೆ ಕರಿಸೋಮ. ಕಂಕುಳಲ್ಲಿದ್ದ ಕೂಸು ಕಿಟಾರನೆ ಕಿರುಚಿ ಅಜ್ಜಿಯ ಕತ್ತು ತಬ್ಬುತ್ತದೆ. “ಎದ್ರುಕಬ್ಯಾಡ ಕಣ್ಮಗ, ನಮ್ ಸೋಮಪ್ಪ ಕಣ, ಊರಮ್ಮನ್ನ ಕಾಯೋನು” ಎಂದು ಅಜ್ಜಿ ಅದರ ಪುಟ್ಟ ಕೈಗಳನ್ನು ಹಿಡಿದು ಜೋಡಿಸಿ ಮುಗಿಸುತ್ತಾಳೆ.

ಅಷ್ಟು ಘೋರವಾದ ಮುಖ ನಮ್ಮ ಕಡೆಯದು, ಊರು ಕಾಯುವಂಥದು. ನೋಡಲು ಭಯಂಕರವಾದದ್ದೆಲ್ಲ ಕೇಡು ಎಂದು ನಮ್ಮ ಹಳ್ಳಿಗಳು ಎಣಿಸಲಿಲ್ಲ. ದೆವ್ವ ಎಂಬ ಮಾತೇ ದೈವದ ಬಳಗದ್ದು. ಹಾಗಾದರೆ ಕೇಡಿಗೆ ಮುಖ ಬರೆಯಬೇಕಾಗಿ ಬಂದಾಗ ಯಾರ ಮುಖ ಬರೆಯಬೇಕು?

ಯುರೋಪಿನ ಚಿತ್ರಕಾರರಿಗೆ ಈ ಪ್ರಶ್ನೆ ಶತಮಾನಗಳಿಂದ ಇತ್ತು. ಕೊಂಬು, ಬಾಲ, ಗೊರಸುಗಳ ಸೈತಾನ ಸವೆದುಹೋದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಂಕೇತವಾದಿಗಳು ಅವನನ್ನು ಹೊಸದಾಗಿ ಹುಡುಕಿದರು. ಬೆಲ್ಜಿಯಮ್ಮಿನ ಫೆಲಿಸಿಯೆನ್ ರೋಪ್ಸ್ ಬರೆದ ಸೈತಾನ ಪ್ಯಾರಿಸ್ ನಗರದ ಮೇಲೆ ದಾಪುಗಾಲಿಡುತ್ತ, ಕಳೆಬೀಜ ಎರಚಿದಂತೆ ಹೆಂಗಸರನ್ನು ಎರಚುತ್ತಾನೆ. ಕೈಚಳಕ ದೊಡ್ಡದು, ನಿಜ. ಆದರೆ ಲೋಕದ ಪಾಪವನ್ನು ಹೆಣ್ಣಿನ ಮೈಗೆ ಅಂಟಿಸಿದ್ದನ್ನು ನಾನು ಒಪ್ಪಲಾರೆ.

ಫ್ರಾನ್ಸಿನ ಒದಿಲೋನ್ ರೆದೋನನ ದಾರಿ ಬೇರೆ. ಲೇಖಕ ಫ್ಲೋಬೇರನ ಸಂತ ಆಂಟನಿಯ ಕಥೆಗೆ 1888ರಲ್ಲಿ ಅವನು ಮಾಡಿದ ಕಲ್ಲಚ್ಚಿನ ಮಾಲೆಯಲ್ಲಿ ಸೈತಾನ ಏಳು ಮಹಾಪಾಪಗಳನ್ನು, ಕೋಳಿ ಮರಿಗಳನ್ನು ಅವುಚಿಕೊಂಡ ಹಾಗೆ, ರೆಕ್ಕೆಯಡಿ ಇಟ್ಟುಕೊಂಡಿದ್ದಾನೆ. ಕಲ್ಲಚ್ಚು ನಮಗೆ ಹೊಸದೇನಲ್ಲ; 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಅಚ್ಚಾದದ್ದು ಅದರಲ್ಲೇ. ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಬರೆದು, ಕಲ್ಲನ್ನು ನೆನೆಸಿ, ಶಾಯಿಯ ಉರುಳೆ ಓಡಿಸಿದರೆ ಶಾಯಿ ಜಿಡ್ಡಿಗಷ್ಟೇ ಹತ್ತುತ್ತದೆ, ಒದ್ದೆ ಕಲ್ಲು ಅದನ್ನು ಒಲ್ಲೆನ್ನುತ್ತದೆ. ಹೀಗೆ ಸಿಗುವ ಗಾಢ ಕಪ್ಪನ್ನು ರೆದೋನ್ ಪ್ರಾಣದಂತೆ ಪ್ರೀತಿಸಿದ. ತನ್ನ ಇದ್ದಿಲ ಚಿತ್ರಗಳನ್ನೂ ಕಲ್ಲಚ್ಚುಗಳನ್ನೂ ‘ಕಪ್ಪುಗಳು’ ಎಂದೇ ಕರೆದ. ಅವನಲ್ಲಿ ದೇವದೂತ, ಹೂವು, ಕಣ್ಣು, ಸೈತಾನ ಎಲ್ಲವೂ ಹುಟ್ಟುವುದು ಒಂದೇ ಕಪ್ಪಿನಿಂದ. ಆ ಬಣ್ಣದ ಮೇಲೆ ಅವನು ಪಾಪ ಹೊರಿಸಲಿಲ್ಲ.

ನಾವು ಹೊರಿಸಿದೆವು. 1894ರಲ್ಲಿ ಮುಂಬೈಯಲ್ಲಿ ರವಿವರ್ಮನ ಮುದ್ರಣಾಲಯ ಶುರುವಾದ ಮೇಲೆ ಬಣ್ಣದ ಕಲ್ಲಚ್ಚಿನ ದೇವರುಗಳು ಬಡವರ ಗೋಡೆಗೂ ಬಂದರು. ಅದು ದೊಡ್ಡ ಉಪಕಾರ. ಆದರೆ ಅವುಗಳ ಹಿಂದೆ ಬಂದ ಎಷ್ಟೋ ಕ್ಯಾಲೆಂಡರುಗಳಲ್ಲಿ ದೇವಿ ಹಾಲುಬಿಳುಪು, ಅವಳ ಕಾಲಡಿಯ ಅಸುರ ಮಾತ್ರ ನಮ್ಮ ಗದ್ದೆಯಲ್ಲಿ ದುಡಿಯುವವರ ಬಣ್ಣ. ಕೃಷ್ಣನೂ ಕಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಕೃಷ್ಣ ಎಂದರೆ ಕಪ್ಪು ಎಂದೇ ಅರ್ಥ. ಕ್ಯಾಲೆಂಡರು ಅವನಿಗೂ ನೀಲಿ ಬಳಿಯಿತು! ನಮ್ಮ ಶಾಲೆಯ ನಾಟಕದಲ್ಲಿ ರಾವಣನ ಪಾತ್ರ ತರಗತಿಯಲ್ಲೇ ಹೆಚ್ಚು ಕಪ್ಪಗಿದ್ದ ಹುಡುಗನಿಗೆ ಹೋಯಿತು. ಅವನ ಗಂಟಲು ಹೇಗಿದೆ, ಮಾತು ನೆನಪಿರುತ್ತದೆಯೇ ಎಂದು ಯಾರೂ ನೋಡಲಿಲ್ಲ. ಅವನು ಆ ದಿನ ತಲೆ ತಗ್ಗಿಸಿ ನಿಂತದ್ದು ಇಂದಿಗೂ ನನ್ನ ಕಣ್ಣಲ್ಲಿದೆ.

ರಾವಣನನ್ನೇ ಜಾರಿಬಿದ್ದ ದೊಡ್ಡ ಮನುಷ್ಯನಾಗಿ ಕಂಡ ಕವಿ ನಾಗಚಂದ್ರ, ಅವನ ಎದೆಯೊಳಗೆ ಪಶ್ಚಾತ್ತಾಪ ಹುಟ್ಟಿಸಿದ ಕುವೆಂಪು ನಮ್ಮಲ್ಲೇ ಇದ್ದಾರೆ. ಮಕ್ಕಳಿಗೆ ಕರಿಯಪ್ಪ, ಕಾಳಮ್ಮ ಎಂದು ಅಕ್ಕರೆಯಿಂದ ಹೆಸರಿಟ್ಟ ಸೀಮೆ ಇದು. ಮಕ್ಕಳ ರಾಮಾಯಣಕ್ಕೆ ಚಿತ್ರ ಬರೆಯುವವರು ಕುಂಚ ಅದ್ದುವ ಮುನ್ನ ಒಮ್ಮೆ ಹಬ್ಬದ ದಿನ ಇಲ್ಲಿಗೆ ಬರಲಿ ಎಂದು ನನಗೆ ಆಸೆ. ಕುಣಿತ ಮುಗಿದು, ಬೆವರಿನಲ್ಲಿ ತೊಯ್ದ ಆಳು ಕರಿಸೋಮನ ಮುಖವನ್ನು ಬಿಚ್ಚಿ ಗುಡಿಯ ಜಗಲಿಯ ಮೇಲೆ ಇಟ್ಟಾಗ, ಆ ಕಪ್ಪು ಹಣೆಗೆ ಕುಂಕುಮವಿಟ್ಟು ಊರಮ್ಮನಿಗೆ ಎತ್ತಿದ ಆರತಿಯನ್ನೇ ಅದಕ್ಕೂ ಎತ್ತುತ್ತಾರೆ.