ಇಫ್ತಾರಿಗೆ ಒಂದೇ ಕರಿದ ತಿಂಡಿ ಸಾಕು

ರಂಜಾನ್ ಬಂತು ಅಂದ್ರೆ ನಮ್ಮ ಹೆಂಗಸರಿಗೆ ಎರಡೆರಡು ರೋಜಾ. ಒಂದು ಅಲ್ಲಾಹನಿಗಾಗಿ ಹಿಡಿಯೂದು, ಇನ್ನೊಂದು ಕಾದ ಎಣ್ಣೆ ಎದುರು ನಿಂತು ಹಿಡಿಯೂದು. ಮೊದಲನೇದನ್ನು ಬಿಡಬ್ಯಾಡಿ. ಎರಡನೇದನ್ನು ಮಾತ್ರ ಈ ಸಲ ಬಿಡುವ ಅಂತ ಹೇಳೂಕೆ ಬರೀತಾ ಇದ್ದೇನೆ. ಖಾಲಾಗಳಿಗೆ, ಭಾಬಿಗಳಿಗೆ ಸಿಟ್ಟು ಬಂದ್ರೂ ಅಡ್ಡಿ ಇಲ್ಲ.

ಹಾರವಾಡ, ಅಂಕೋಲಾ, ಕಾರವಾರ, ಎಲ್ಲೇ ಆಗಲಿ, ನಾಲ್ಕು ಮನೆಯವರು ಕೂಡಿದ ಇಫ್ತಾರ್ ನೋಡಿ. ಸಮೋಸಾ, ಪಕೋಡಾ, ಕಟ್ಲೆಟ್, ಕಬಾಬ್, ಬಣ್ಣದ ಶರಬತ್ತು, ಅದರ ಮೇಲೆ ಬಿರಿಯಾನಿ, ಕೊನೆಗೆ ಫಾಲೂದಾ. ಅಜಾನಿಗೆ ಹತ್ತು ನಿಮಿಷ ಇರೂವಾಗ ಗಂಡಸರು ಟೊಪ್ಪಿ ಹಾಕ್ಕೊಂಡು ದಸ್ತರಖಾನಿನ ಮುಂದೆ ದುವಾ ಮಾಡ್ತಾ ಕೂತಿರ್ತಾರೆ. ದುವಾ ಕಬೂಲಾಗುವ ಆ ಹೊತ್ತಿಗೆ ಮನೆಯ ಸೊಸೆ ಎಲ್ಲಿ? ಅಡುಗೆಮನೆಯಲ್ಲಿ, ಕೊನೇ ಒಬ್ಬೆ ಸಮೋಸಾ ತೆಗೀತಾ. ನಿಂತಲ್ಲೇ ಒಂದು ಖರ್ಜೂರ ಬಾಯಿಗೆ ಹಾಕಿದ್ರೆ ಅವಳ ಇಫ್ತಾರ್ ಆಯ್ತು. ಮಗ್ರಿಬ್ ಗಡಿಬಿಡಿಯಲ್ಲಿ, ಇಶಾ ಪಾತ್ರೆ ರಾಶಿ ಮುಗಿದ ಮೇಲೆ, ತರಾವೀಹ್‌ಗೆ ನಿಲ್ಲೂಕೆ ಕಾಲಲ್ಲಿ ಶಕ್ತಿ ಇಲ್ಲ. ಸಹರಿಗೆ ನಾಲ್ಕು ಗಂಟೆಗೆ ಏಳೂದೂ ಅವಳೇ. ಇಬಾದತ್ತಿನ ತಿಂಗಳು ಅವಳ ಪಾಲಿಗೆ ಹೋಟೆಲಿನ ತಿಂಗಳು.

"ರೋಜಾದಾರರಿಗೆ ಉಣಿಸೂದು ಸವಾಬು ಅಲ್ದಾ?" ಅಂತೀರಿ. ಹೌದು, ಯಾರು ಅಲ್ಲ ಅಂದ್ರು? ಒಂದು ಖರ್ಜೂರ, ಒಂದು ಗುಟುಕು ನೀರು ಕೊಟ್ರೂ ಆ ಸವಾಬು ಸಿಗ್ತದೆ ಅಂತ ನಾವೇ ಮಕ್ಕಳಿಗೆ ಹೇಳಿಕೊಡ್ತೇವೆ. ತಿನ್ನಿ, ಕುಡಿಯಿರಿ, ಅತಿ ಮಾಡಬ್ಯಾಡಿ ಅಂತ ಕುರಾನಿನಲ್ಲೇ ಅದೆ. ಹಂಗಾದ್ರೆ ಹದಿನಾಲ್ಕು ಪದಾರ್ಥದ ಲೆಕ್ಕ ಯಾರು ಕೇಳಿದ್ದು? ಅಲ್ಲಾಹ ಅಲ್ಲ, ಆಚೆಮನೆಯವರು.

ನನಗೆ ಬಹಳ ಬೇಜಾರು ತರೂದು ಈ ಆಚೆಮನೆಯ ಲೆಕ್ಕವೇ. ನಮ್ಮಲ್ಲಿ ಬಂದ ತಟ್ಟೆಯನ್ನು ಖಾಲಿ ಕಳಿಸೂದಿಲ್ಲ. ಮೊದಲು ಒಂದು ಬಟ್ಟಲು ಗಂಜಿ ಹೋದ್ರೆ ನಾಲ್ಕು ಬಾಳೆಹಣ್ಣು ಬರ್ತಿತ್ತು, ಇಬ್ಬರಿಗೂ ಸುಖ. ಈಗ ಆರು ಬಗೆ ಜೋಡಿಸಿದ ತಟ್ಟೆ ಹೋದ್ರೆ, ದಿನಗೂಲಿ ಮೇಲೆ ನಡೆಯುವ ಮನೆಯವಳು ತಿರುಗಿ ಎಂತ ಕಳಿಸಬೇಕು? ಒಂದೋ ಸಾಲ ಮಾಡಬೇಕು, ಇಲ್ಲಾ ಬಾಗಿಲು ಮುಚ್ಚಿಕೊಂಡು ಕೂರಬೇಕು. ಹಂಚಿ ತಿನ್ನೂಕೆ ಅಂತ ಇದ್ದ ತಟ್ಟೆಯೇ ಬಡವರನ್ನು ದೂರ ಇಡ್ತಾ ಅದೆ.

ಇನ್ನು ಹೊಟ್ಟೆ ಮಾತು. ಫೆಬ್ರವರಿ-ಮಾರ್ಚಿನ ರೋಜಾ ನಮ್ಮ ಕರಾವಳಿಯಲ್ಲಿ ಸುಮಾರು 13 ಗಂಟೆ. ಅಷ್ಟು ಹೊತ್ತು ಖಾಲಿ ಇದ್ದ ಹೊಟ್ಟೆಗೆ ಮೊದಲು ಎಣ್ಣೆ ಬಿದ್ರೆ ಹುಳಿತೇಗು, ಎದೆಯುರಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ, ಅಂದ್ರೆ ಒಂದು ಸಣ್ಣ ಚಮಚ. ಕಬಾಬು, ಚಿಪ್ಸು, ಉಪ್ಪಿನಕಾಯಿ ಕೂಡಿದ್ರೆ ಅದು ಎಲ್ಲಿಗೋ ಹೋಗ್ತದೆ, ಮರುದಿನ ಬಾಯಾರಿಕೆಯಲ್ಲಿ ತೀರಿಸ್ಬೇಕು. ಸಕ್ಕರೆ ಕಾಯಿಲೆ ಇದ್ದ ಅಮ್ಮಿಯಂದಿರು ರಂಜಾನಿಗೆ ಮೊದಲೇ ಡಾಕ್ಟರನ್ನು ಕೇಳಲೇಬೇಕು. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದ್ರೆ, 300 ದಾಟಿದ್ರೆ ಆ ಕ್ಷಣವೇ ರೋಜಾ ಬಿಡಬೇಕು ಅಂತ ಡಾಕ್ಟರರು ಹೇಳ್ತಾರೆ. ಕಾಯಿಲೆಯವರಿಗೆ ರಿಯಾಯಿತಿ ಕೊಟ್ಟಿದ್ದು ಧರ್ಮವೇ. ಅವರ ಕೈಗೆ ಬಣ್ಣದ ಶರಬತ್ತಿನ ಗ್ಲಾಸು ಕೊಟ್ಟು "ಒಂದು ದಿನಕ್ಕೆ ಎಂತ ಆಗ್ತದೆ" ಅನ್ನೂದು ಪ್ರೀತಿ ಅಲ್ಲ.

ಹಂಗಾದ್ರೆ ಎಂತ ಮಾಡೂದು? ಖರ್ಜೂರ, ನೀರು, ಕಲ್ಲಂಗಡಿ. ಆ ಹೊತ್ತಿಗೆ ನಮ್ಮ ಹೆದ್ದಾರಿ ಬದಿಗೇ ಕಲ್ಲಂಗಡಿ ರಾಶಿ ಬಿದ್ದಿರ್ತದೆ. ಮತ್ತೆ ಒಂದು ದೊಡ್ಡ ಪಾತ್ರೆ ಗಂಜಿ: ಅಕ್ಕಿ, ಹೆಸರುಬೇಳೆ, ಚೂರು ಮೆಂತೆ, ಶುಂಠಿ, ಜೀರಿಗೆ, ಇಳಿಸೂವಾಗ ಕಾಯಿಹಾಲು. ಕರಿದದ್ದು ಒಂದೇ ಬಗೆ, ತಲೆಗೆ ಎರಡು. ಮಗ್ರಿಬ್ ಆದ ಮೇಲೆ ಅನ್ನ, ಬಂಗಡೆ ಸಾರು, ಅಂಕೋಲೆ ಪೇಟೆಗೆ ಹಾಲಕ್ಕಿ ಅಕ್ಕಂದಿರು ತರುವ ಹರಿವೆಯದ್ದೋ ಬಸಳೆಯದ್ದೋ ಪಲ್ಯ. ಸಹರಿಗೆ ಕುಚಲಕ್ಕಿ ಅನ್ನ, ಮೊಸರು, ಮೊಟ್ಟೆ. ಬಿರಿಯಾನಿ ಬ್ಯಾಡ ಅಂತಲ್ಲ, ಇಪ್ಪತ್ತೇಳನೇ ರಾತ್ರಿಗೆ ಇಟ್ಟುಕೊಳ್ಳಿ. ದಿನಾ ತಿಂದ್ರೆ ಅದಕ್ಕೂ ಮರ್ಯಾದೆ ಇಲ್ಲ.

"ಮಕ್ಕಳು ಕೇಳೂದಿಲ್ಲ, ಗಂಡಸರು ಮುಖ ಊದಿಸ್ತಾರೆ" ಅಂತ ಹೇಳೂರು ಇದ್ದಾರೆ. ಸಮೋಸಾ ಬೇಕಾದವರು ಮೂರು ಗಂಟೆಗೆ ಬಂದು ಹಿಟ್ಟು ಲಟ್ಟಿಸಲಿ, ತಿಂದ ಮೇಲೆ ಬಾಣಲೆ ತಿಕ್ಕಲಿ. ಪ್ರವಾದಿಯವರು ಮನೆಯಲ್ಲಿ ಇರೂವಾಗ ಮನೆಗೆಲಸಕ್ಕೆ ಕೈ ಹಾಕ್ತಿದ್ರು ಅಂತ ಆಯಿಷಾ ಬೀಬಿ ಹೇಳಿದ್ದು ಹದೀಸಿನಲ್ಲಿ ಅದೆ. ಗಡ್ಡ ಬಿಡೂದು ಮಾತ್ರ ಸುನ್ನತ್ತಾ, ತಟ್ಟೆ ತೊಳೆಯೂದು ಅಲ್ದಾ?

ಒಬ್ಬಳೇ ಕಡಿಮೆ ಮಾಡಿದ್ರೆ ಜಿಪುಣಿ ಅಂತಾರೆ. ಅದಕ್ಕೇ ಎಲ್ಲರೂ ಕೂಡಿ ಮಾಡಬೇಕಾದ ಕೆಲಸ ಇದು. ಚಾಂದ್ ಕಾಣೂಕೆ ಮೊದಲೇ ನಾಲ್ಕು ಮನೆಯವರು ಕೂತು ಮಾತಾಡಿ: ಗಂಜಿ ಒಬ್ಬರದ್ದು, ಹಣ್ಣು ಒಬ್ಬರದ್ದು, ಸಾರು ಒಬ್ಬರದ್ದು, ಕರಿದದ್ದು ಒಬ್ಬರದ್ದು, ಪಾತ್ರೆ ಗಂಡುಮಕ್ಕಳದ್ದು. ಅಜಾನಿಗೆ ಕಾಲು ಗಂಟೆ ಇರೂವಾಗ ಎಲ್ಲ ಮನೆಯ ಒಲೆ ಆರಿರಬೇಕು, ನಾವೂ ದಸ್ತರಖಾನಿನ ಎದುರು ಕೈ ಎತ್ತಿ ಕೂತಿರಬೇಕು.