ಅಗ್ಗದ ಮನೆಯೆಂಬ ಸುಳ್ಳು

ಹಳೆಯ ಬಡಾವಣೆಗಳಲ್ಲಿ ನೆಲೆನಿಂತ ಬೆಂಗಳೂರಿನ ಮಹನೀಯರಿಗೆ, ಊರಂಚಿನ ಬಡಾವಣೆಗಳಿಂದ ಬರುವ ದೂರುಗಳಿಗೆಲ್ಲ ಹೇಳಲು ಒಂದೇ ಉತ್ತರ ಸಿದ್ಧವಾಗಿರುತ್ತದೆ: “ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿರಿ, ಈಗ ಅನುಭವಿಸಿ.” ನೀರಿಲ್ಲವೆಂದರೂ ಇದೇ ಉತ್ತರ, ಚರಂಡಿಯಿಲ್ಲವೆಂದರೂ ಇದೇ. ಈ ಒಂದು ಮಾತಿನಲ್ಲಿ ಎರಡು ಸುಳ್ಳುಗಳಿವೆ. ಆ ಮನೆ ಅಗ್ಗವೆಂಬುದು ಒಂದು. ಅಲ್ಲಿಯ ಕಷ್ಟಕ್ಕೆಲ್ಲ ಕೊಂಡವನೇ ಹೊಣೆಯೆಂಬುದು ಇನ್ನೊಂದು.

ನೀರಿನ ಲೆಕ್ಕವನ್ನೇ ಮೊದಲು ನೋಡೋಣ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿನವರು ಕೇಳಿದ್ದೇ ಬೆಲೆಯಾದಾಗ ಜಿಲ್ಲಾಡಳಿತ ನಡುವೆ ಬಂದು ದರ ಗೊತ್ತುಮಾಡಿತು: ಐದು ಕಿಲೋಮೀಟರಿನೊಳಗಾದರೆ 6,000 ಲೀಟರಿಗೆ 600 ರೂಪಾಯಿ. ಎಂದರೆ ಸಾವಿರ ಲೀಟರಿಗೆ ನೂರು. ಅದೇ ದಿನಗಳಲ್ಲಿ ಜಲಮಂಡಳಿಯು ಗೃಹಬಳಕೆಯ ಮೊದಲ ಹಂತದ ಕಾವೇರಿ ನೀರನ್ನು ಸಾವಿರ ಲೀಟರಿಗೆ 7 ರೂಪಾಯಿಯಂತೆ ಕೊಡುತ್ತಿತ್ತು. ಕೊಳಾಯಿಯುಳ್ಳವನು ತೆತ್ತದ್ದಕ್ಕೆ ಹದಿನಾಲ್ಕು ಪಟ್ಟು ತೆತ್ತವನು ಕೊಳಾಯಿಯಿಲ್ಲದವನು! ಅದೂ ಸರ್ಕಾರ ಕಡಿವಾಣ ಹಾಕಿದ ಮೇಲಿನ ದರ.

ಹಣವೊಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಟ್ಯಾಂಕರ್ ಬೆಳಿಗ್ಗೆ ಬರುತ್ತೇನೆಂದು ಮಧ್ಯಾಹ್ನ ಬರುತ್ತದೆ. ಅದುವರೆಗೆ ಮನೆಯಲ್ಲಿ ಯಾರಾದರೂ ಸಂಪಿನ ಮುಚ್ಚಳ ಕಾಯುತ್ತಿರಬೇಕು. ಹಾಗೆ ಕಾಯುವವಳು ಸಾಮಾನ್ಯವಾಗಿ ಹೆಂಗಸು. ಬಂದ ನೀರಾದರೂ ಎಂಥದು? ಬೇಳೆ ಬೇಯದು, ಸೋಪು ನೊರೆಯಾಡದು, ಪಾತ್ರೆಯ ತಳಕ್ಕೆ ಬಿಳಿಯ ಪರೆ ಕಟ್ಟುತ್ತದೆ. ಕುಡಿಯುವುದಕ್ಕೆಂದು ಮತ್ತೆ ಕ್ಯಾನ್ ತರಿಸಬೇಕು. ಇನ್ನು ಬಳಸಿದ ನೀರು ಹೋಗಲು ಒಳಚರಂಡಿಯಿಲ್ಲದ ಕಡೆ ಮನೆಯ ಮುಂದೆಯೇ ಹೊಂಡ. ಅದು ತುಂಬಿದಾಗ ಇನ್ನೊಂದು ಟ್ಯಾಂಕರ್. ಒಂದು ತುಂಬಿಸುವುದಕ್ಕೆ, ಇನ್ನೊಂದು ಖಾಲಿ ಮಾಡುವುದಕ್ಕೆ. ಎರಡಕ್ಕೂ ಬಾಡಿಗೆ. ಇದನ್ನೆಲ್ಲ ಹತ್ತು ವರ್ಷ ಕೂಡಿಸಿ ನೋಡಿದರೆ ಸೈಟು ಅಗ್ಗವಾಗಿತ್ತೆಂದು ಹೇಳುವ ಧೈರ್ಯ ಯಾರಿಗೂ ಬರಲಾರದು. (ಇಂಥ ಬಡಾವಣೆಗಳಿಗೆ ‘ಲೇಕ್ ವ್ಯೂ’, ‘ಗಾರ್ಡನ್’ ಎಂದು ಹೆಸರಿಡುವವರ ಹಾಸ್ಯಪ್ರಜ್ಞೆಗೆ ಮಾತ್ರ ತಲೆಬಾಗಬೇಕು.)

ಹೊಣೆಯ ಮಾತಿಗೆ ಬರೋಣ. “ರೆವಿನ್ಯೂ ಸೈಟು ಕೊಂಡದ್ದು ಕಾನೂನಿಗೆ ವಿರುದ್ಧವಲ್ಲವೇ?” ಎಂದು ಕೇಳುವವರಿದ್ದಾರೆ. ಒಳ್ಳೆಯದು. ಆ ಸೈಟಿನ ಕ್ರಯಪತ್ರವನ್ನು ನೋಂದಾಯಿಸಿ ಮುದ್ರಾಂಕ ಶುಲ್ಕ ಎಣಿಸಿಕೊಂಡವರು ಯಾರು? ಸರ್ಕಾರದವರೇ ಅಲ್ಲವೇ? ‘ಬಿ ಖಾತೆ’ ಎಂಬ ಬೇರೊಂದು ಪುಸ್ತಕ ತೆರೆದು, ಕಂದಾಯವನ್ನು ಮಾತ್ರ ವರ್ಷವರ್ಷವೂ ತಪ್ಪದೆ ಪಡೆದವರು ಯಾರು? ಹಣ ಪಡೆಯುವಾಗ ಕಾಣದ ದೋಷ ನಕ್ಷೆಯ ಮಂಜೂರಾತಿ ಕೇಳಿದಾಗ ಕಣ್ಣಿಗೆ ಬೀಳುತ್ತದೆ. 2025ರಲ್ಲಿ ಅದನ್ನು ‘ಎ ಖಾತೆ’ ಮಾಡಿಕೊಡುವ ಯೋಜನೆ ಬಂದಿತು. ಅದಕ್ಕೂ ನಿವೇಶನದ ಮಾರ್ಗಸೂಚಿ ಮೌಲ್ಯದ ಶೇಕಡ 5ರಷ್ಟು ಕಟ್ಟಬೇಕೆಂದರು.

ಇದೇ ಊರು ಹಿಂದೆ ಬೇರೆ ರೀತಿಯಲ್ಲಿ ಬೆಳೆದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಿದಾಗ ರಸ್ತೆಯನ್ನೂ ಉದ್ಯಾನವನ್ನೂ, ಮನೆಗಳ ಹಿಂದಿನ ಜಾಡಮಾಲಿ ಓಣಿಯನ್ನೂ ಮೊದಲೇ ಗುರುತುಹಾಕಿದ್ದರು. ಹೆಸರಘಟ್ಟದ ನೀರು ಅದೇ ಕಾಲದಲ್ಲಿ ಊರಿಗೆ ಬಂದಿತು. ಆ ಬಡಾವಣೆಗಳ ಇಂದಿನ ನಿವಾಸಿಗಳು ಈ ಸೌಕರ್ಯವನ್ನು ತಮ್ಮ ಜಾಣತನದಿಂದ ಗಳಿಸಲಿಲ್ಲ. ಸಾರ್ವಜನಿಕ ಹಣದಿಂದ ಆದದ್ದು, ಪರಂಪರೆಯಾಗಿ ಬಂದದ್ದು. ಅದನ್ನು ಅನುಭವಿಸುತ್ತಲೇ ಊರಂಚಿನವನಿಗೆ ಬುದ್ಧಿ ಹೇಳುವುದು ಎಲ್ಲಿಯ ನ್ಯಾಯ?

ಈಗಿನ ಕ್ರಮ ತಲೆಕೆಳಗು. ಮೊದಲು ಮನೆ, ಆಮೇಲೆ ರಸ್ತೆ, ಕೊನೆಗೆ ರಸ್ತೆ ಅಗೆದು ಪೈಪು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಆ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಸೇರ್ಪಡೆಯ ವರ್ಷ ಅಲ್ಲಿ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಪಿ.ಯು.ಸಿ. ಓದುತ್ತಿತ್ತು. 2025ರಲ್ಲಿ ಪಾಲಿಕೆಯನ್ನೇ ಒಡೆದು ಐದು ಮಾಡಿದರು. ಬೋರ್ಡು ಬದಲಾಯಿಸುವ ಕೆಲಸದಲ್ಲಿ ನಮ್ಮವರು ಎಂದೂ ತಡಮಾಡಿದವರಲ್ಲ.

ರೈಲಿನ ಕಥೆಯೂ ಇದೇ. 2022ರ ಜೂನಿನಲ್ಲಿ ಉಪನಗರ ರೈಲಿಗೆ ಶಂಕುಸ್ಥಾಪನೆಯಾದಾಗ 40 ತಿಂಗಳಲ್ಲಿ ಮುಗಿಸುವ ಮಾತಾಯಿತು. ಆ 40 ತಿಂಗಳು 2025ರ ಅಕ್ಟೋಬರಿಗೆ ತುಂಬಿದವು. ರೈಲು ಓಡಲಿಲ್ಲ.

ಉಪದೇಶ ಸಾಕು. ನೀರು, ಒಳಚರಂಡಿ ಇಲ್ಲದ ಸೈಟನ್ನು ಮಾರುವುದು ತಪ್ಪಾದರೆ, ಅಂಥ ಕ್ರಯಪತ್ರವನ್ನು ನೋಂದಣಿ ಮಾಡುವುದನ್ನೇ ನಿಲ್ಲಿಸಲಿ. ಈಗಾಗಲೇ ಮನೆ ಕಟ್ಟಿ ಕಂದಾಯ ತೆರುತ್ತಿರುವವನಿಗೆ ಕೊಳಾಯಿ ಮುಟ್ಟುವವರೆಗೆ, ಜಲಮಂಡಳಿಯೇ ಟ್ಯಾಂಕರಿನಲ್ಲಿ ನೀರು ತಂದು ಕೊಳಾಯಿಯ ದರಕ್ಕೇ ಹಾಕಲಿ. ಅದರಿಂದ ಆಗುವ ನಷ್ಟವನ್ನು ಊರೆಲ್ಲ ಹಂಚಿಕೊಳ್ಳಲಿ, ನಮ್ಮ ಹಿತೈಷಿಗಳು ವಾಸಿಸುವ ಬಡಾವಣೆಗಳೂ ಸೇರಿ.